ಅಂಟಿಸಿದ ಮಣ್ಣು, ತೂಗುಹಾಕಿದ ಮಣ್ಣು

ತೆಲಂಗಾಣದ ಹಳೆಯ ಊರುಗಳಲ್ಲಿ ಕೆಂಪು ಹೆಂಚಿನ ಮನೆಯೊಂದನ್ನು ತೋರಿಸಿ, ಮೇಲೆ ಹೊದಿಸಿರುವುದು ಏನು ಎಂದು ಕೇಳಿದರೆ 'ಬೆಂಗಳೂರು ಪೆಂಕುಲು' ಎನ್ನುತ್ತಾರೆ. ನಾವು ಮಂಗಳೂರು ಹೆಂಚು ಎನ್ನುವುದನ್ನೇ ಅವರು ಹಾಗೆ ಕರೆಯುವುದು. ಕಡಲ ತೀರದಿಂದ ಹೊರಟ ಹೆಂಚು ದಖ್ಖನಿನ ಬಯಲು ಮುಟ್ಟುವ ಹೊತ್ತಿಗೆ ದಾರಿಯಲ್ಲೆಲ್ಲೋ ಊರಿನ ಹೆಸರು ಬದಲಾಗಿದೆ. ಬೆಂಗಳೂರಿನ ವ್ಯಾಪಾರಿಗಳ ಕೈದಾಟಿ ಬಂದಿದ್ದಕ್ಕೋ, ಎರಡೂ ಹೆಸರು ಕಿವಿಗೆ ಒಂದೇ ಥರ ಕೇಳಿದ್ದಕ್ಕೋ, ಊಹೆಗೆ ಬಿಟ್ಟದ್ದು. ಅದಕ್ಕೂ ಮೊದಲು ಅಲ್ಲಿದ್ದದ್ದು 'ಗೂನ ಪೆಂಕು'. ಕುಂಬಾರರು ಮಾಡಿ ಸುಡುತ್ತಿದ್ದ, ಅರ್ಧ ಸೀಳಿದ ಕೊಳವೆಯಂಥ ಸಣ್ಣ ಹೆಂಚು. ನಮ್ಮ ನಾಡಹೆಂಚಿನ ದಾಯಾದಿ.

ಈ ಹೆಸರಿನ ವಿಚಾರ ಎತ್ತಿದ್ದು ಕುಷಾಯಿಗೂಡದ ಸಲುವಾಗಿ. ಹೈದರಾಬಾದಿನ ಈಶಾನ್ಯ ಅಂಚಿನ ಈ ಬಡಾವಣೆಯನ್ನು ಓದುಗರಲ್ಲಿ ಆ ಊರಿನವರು ಬಲ್ಲರು: ಇಸಿಐಎಲ್ ಕ್ರಾಸ್ ರೋಡಿನ ಪಕ್ಕ, ಮೌಲಾ ಅಲಿ ಬೆಟ್ಟದಿಂದ ಹೆಚ್ಚು ದೂರವಿಲ್ಲ, ಬಸ್ ಡಿಪೋ, ಸಣ್ಣ ಕೈಗಾರಿಕೆಗಳ ಶೆಡ್ಡುಗಳು, ಸರ್ಕಾರಿ ಕಾಲೋನಿಗಳು. ಇಂಥ ಕಡೆ ನಲವತ್ತು ವರ್ಷದ ಹಿಂದೆ ಕಟ್ಟಿದ ಮೂರು ಮಹಡಿಯ ಕಾಂಕ್ರೀಟು ಕಚೇರಿಯೊಂದನ್ನು ಈಗ ನವೀಕರಿಸಬೇಕಾಗಿದೆ ಎಂದುಕೊಳ್ಳಿ. ಕೆಡವುವುದು ಬೇಡ, ಕಂಬ ತೊಲೆ ಗಟ್ಟಿಯಾಗಿವೆ. ಹೊರಮೈ ಮಾತ್ರ ಪಾಚಿಗಟ್ಟಿ, ಗಾರೆ ಉದುರಿ, ಏರ್ ಕಂಡೀಷನರ್‌ಗಳ ನೀರಿಳಿದು ಕೆಟ್ಟಿದೆ. ವಾಸ್ತುಶಿಲ್ಪಿ ಬಂದು ಟೆರಾಕೋಟಾ ಹೊದಿಕೆ ಹಾಕಿಸೋಣ, ಸುತ್ತಮುತ್ತಲಿನೊಂದಿಗೆ ಹೊಂದಿಕೊಳ್ಳುತ್ತದೆ ಎನ್ನುತ್ತಾರೆ. ದೇಶದ ದೊಡ್ಡ ಊರುಗಳಲ್ಲಿ ಈಗ ಈ ಮಾತು ಕೇಳದ ದಿನವಿಲ್ಲ. ಟೆರಾಕೋಟಾ ಅಂದರೆ ಸುಟ್ಟ ಮಣ್ಣು, ಅಷ್ಟೇ. ಆದರೆ ಸುಟ್ಟ ಮಣ್ಣನ್ನು ಗೋಡೆಗೆ ತೊಡಿಸುವ ಕೆಲಸಕ್ಕೆ ಉದ್ದನೆಯ ಚರಿತ್ರೆಯಿದೆ. ಅದರ ಎರಡು ಮುಖ್ಯ ಅಧ್ಯಾಯಗಳು ಇಂದಿನ ಕರ್ನಾಟಕದಲ್ಲೇ ನಡೆದವು. ಆ ಚರಿತ್ರೆ ತಿಳಿದರೆ 'ಹೊಂದಿಕೊಳ್ಳುತ್ತದೆ' ಎಂಬ ಮಾತನ್ನು ಹಾಗೇ ಒಪ್ಪಿಕೊಳ್ಳಲು ಆಗುವುದಿಲ್ಲ.

ಮೊದಲು ಸುತ್ತಮುತ್ತ ಏನಿದೆ ನೋಡೋಣ. ಕುಷಾಯಿಗೂಡದ ನೆಲ ಗ್ರಾನೈಟಿನದು. ಮೌಲಾ ಅಲಿ ಬೆಟ್ಟವೇ ಬೋಳು ಬಂಡೆಯ ಒಂದು ಗುಡ್ಡೆ, ಬೆಳಗ್ಗೆ ಬೂದಿ, ಸಂಜೆ ತುಸು ಗುಲಾಬಿ. ಬಂಡೆ ಸವೆದು ಆದ ಕೆಂಪು ಮರಳುಮಣ್ಣನ್ನು ಅಲ್ಲಿಯ ರೈತರು 'ಚೆಲ್ಕ' ಎನ್ನುತ್ತಾರೆ. ಅದರ ಮೇಲೆ 1967ರಲ್ಲಿ ಪರಮಾಣು ಇಂಧನ ಇಲಾಖೆಯ ಎಲೆಕ್ಟ್ರಾನಿಕ್ಸ್ ಕಾರ್ಪೊರೇಷನ್ ಬಂತು. ಹಿಂದೆಯೇ, 1970ರ ದಶಕದ ಆರಂಭದಲ್ಲಿ, ನ್ಯೂಕ್ಲಿಯರ್ ಫ್ಯುಯೆಲ್ ಕಾಂಪ್ಲೆಕ್ಸ್ ಬಂತು. ಇಸಿಐಎಲ್ ಕಟ್ಟಿದ ಎ. ಎಸ್. ರಾವ್ ಅವರ ಹೆಸರು ಪಕ್ಕದ ಬಡಾವಣೆಗೆ ಇದೆ. (ಚುನಾವಣೆಯಲ್ಲಿ ನಾವು ಗುಂಡಿ ಒತ್ತುವ ಮತಯಂತ್ರ ಒಂದೋ ಬೆಂಗಳೂರಿನ ಬಿಇಎಲ್‌ನದು, ಇಲ್ಲವೇ ಇಲ್ಲಿನ ಇಸಿಐಎಲ್‌ನದು.) ಹೀಗೆ ಆ ಬಡಾವಣೆ ಬೆಳೆದದ್ದು ಸಿಮೆಂಟಿನ ಕಾಲದಲ್ಲಿ. ಗೋಡೆಗಳ ಬಣ್ಣ ಕೆನೆ, ತಿಳಿ ಹಳದಿ, ಕಾಲೋನಿಯ ಗುಲಾಬಿ. ಮಣ್ಣಿನ ಹೊದಿಕೆಯ ಗೋಡೆ ಅಲ್ಲಿ ಪರಂಪರೆಯಿಂದ ಬಂದದ್ದಲ್ಲ. ಹೈದರಾಬಾದಿನ ಪರಂಪರೆ ಎಂದರೆ ಕಲ್ಲು ಮತ್ತು ಸುಣ್ಣದ ಗಚ್ಚು. ಚಾರ್‌ಮಿನಾರ್ ಇರುವುದು ಹಾಗೆ. ನಿಜಾಮರ ಕಾಲದ ಹೈಕೋರ್ಟು ಕೆಂಪಗಿದೆ, ನಿಜ. 1920ರಲ್ಲಿ ಮೂಸಿ ದಂಡೆಯ ಮೇಲೆ ಎದ್ದ ಆ ಕಟ್ಟಡದ ಕೆಂಪು ಮರಳುಗಲ್ಲಿನದು, ಮತ್ತು ಆ ಕಲ್ಲು ಹೈದರಾಬಾದಿನ ಬಂಡೆಯಲ್ಲ.

ಸುಟ್ಟ ಮಣ್ಣಿನ ಹೊದಿಕೆ ಈ ಸೀಮೆಗೆ ಬಂದದ್ದು ಇನ್ನೊಂದು ದಾರಿಯಿಂದ, ಬೀದರಿಗೆ. 1956ರ ತನಕ ಬೀದರ್ ಹೈದರಾಬಾದ್ ರಾಜ್ಯದ್ದೇ ಜಿಲ್ಲೆಯಾಗಿತ್ತು. ಅಲ್ಲಿ 1472ರಲ್ಲಿ ಬಹಮನಿ ಮಂತ್ರಿ ಮಹಮೂದ್ ಗವಾನ್ ಮೂರು ಮಹಡಿಯ ಮದರಸಾ ಕಟ್ಟಿಸಿದ. ಗವಾನ್ ಇರಾನಿನ ಗಿಲಾನ್ ಪ್ರಾಂತ್ಯದವನು, ವ್ಯಾಪಾರಿಯಾಗಿ ಬಂದು ಮಂತ್ರಿಯಾದವನು. ಮದರಸಾದ ಮುಂಭಾಗಕ್ಕೆ ನೀಲಿ, ಬಿಳಿ, ಹಳದಿ, ಹಸಿರು ಬಣ್ಣದ ಮೆರುಗಿನ ಹೆಂಚಿನ ತುಂಡುಗಳನ್ನು ಹೊದಿಸಲಾಯಿತು. ಉಳಿದಿರುವ ಒಂದೇ ಮಿನಾರಿನ ಮೇಲೆ ಅವುಗಳ ಅಂಕುಡೊಂಕು ಪಟ್ಟೆ ಈಗಲೂ ಕಾಣುತ್ತದೆ. ಬೀದರಿನ ನೆಲ ಜಂಬಿಟ್ಟಿಗೆಯದು, ಕೋಟೆಯ ಕಂದಕವನ್ನೇ ಅದರಲ್ಲಿ ಕಡಿದಿದ್ದಾರೆ. ಅಂಥ ಕೆಂಪು ಊರಿನ ನಡುವೆ ಈ ನೀಲಿ. ಗವಾನನಿಗೆ ಸುತ್ತಮುತ್ತಲಿನೊಂದಿಗೆ ಹೊಂದಿಕೊಳ್ಳುವ ಆಸೆ ಎಳ್ಳಷ್ಟೂ ಇರಲಿಲ್ಲ. ಸಮರ್‌ಕಂದಿನಲ್ಲಿ, ಹೆರಾತಿನಲ್ಲಿ ಏನಿತ್ತೋ ಅದು ಇಲ್ಲಿಯೂ ಇರಬೇಕಿತ್ತು.

ನಮ್ಮ ವಿಷಯಕ್ಕೆ ಮುಖ್ಯವಾದದ್ದು ಆ ಹೆಂಚು ನಿಂತ ಬಗೆ. ಅದನ್ನು ಗಾರೆಯಲ್ಲಿ ಅಂಟಿಸಿದ್ದರು. ಮದ್ದು ತುಂಬಿಟ್ಟಿದ್ದ ಕಟ್ಟಡ ಹದಿನೇಳನೇ ಶತಮಾನದ ಕೊನೆಯಲ್ಲಿ ಸ್ಫೋಟಗೊಂಡು ಮುಂಭಾಗದ ಅರ್ಧ, ಒಂದು ಮಿನಾರು ಬಿದ್ದವು. ಅದು ಬೇರೆ ಮಾತು. ಬೀಳದೆ ಉಳಿದ ಗೋಡೆಯನ್ನು ನೋಡಿ. ಅಲ್ಲೂ ಹೆಂಚು ತೇಪೆ ತೇಪೆಯಾಗಿ ಮಾತ್ರ ಉಳಿದಿದೆ. ನೀರು ಹಿಂದಕ್ಕೆ ಇಳಿದರೆ, ಬಿಸಿಲಿಗೆ ಗಾರೆ ಒಂದು ಅಳತೆಗೆ ಹೆಂಚು ಇನ್ನೊಂದು ಅಳತೆಗೆ ಹಿಗ್ಗಿದರೆ, ಅಂಟು ಬಿಡುತ್ತದೆ. ಬಿದ್ದ ತುಂಡನ್ನು ಮತ್ತೆ ಕೂರಿಸುವುದು ಕಷ್ಟ, ಅದೇ ಬಣ್ಣದ ಇನ್ನೊಂದನ್ನು ಸುಡುವುದು ಅದಕ್ಕಿಂತ ಕಷ್ಟ. ಹೈದರಾಬಾದಿನ ಬಾದ್‌ಶಾಹಿ ಆಶುರ್‌ಖಾನಾದ ಕುತುಬ್‌ಶಾಹಿ ಕಾಲದ ಹೆಂಚುಗಾರಿಕೆ ಇನ್ನೂ ಚೆನ್ನಾಗಿ ಉಳಿದಿರುವುದಕ್ಕೆ ಅದು ಒಳಗೋಡೆಯ ಮೇಲಿರುವುದೂ ಒಂದು ಕಾರಣವಿರಬೇಕು.

ಎರಡನೆಯ ಅಧ್ಯಾಯ ಮಂಗಳೂರಿನದು, ಮತ್ತು ಅದು ಗೋಡೆಯದಲ್ಲ, ಮಾಡಿನದು.

ಬಾಸೆಲ್ ಮಿಷನ್ ಎಂದರೆ ಕನ್ನಡಿಗರಿಗೆ ಮೊದಲು ನೆನಪಾಗುವುದು ಅಚ್ಚುಕೂಟ: 1843ರ 'ಮಂಗಳೂರು ಸಮಾಚಾರ', 1894ರ ಕಿಟ್ಟೆಲ್ ನಿಘಂಟು. ಹೆಂಚಿನ ಕಾರ್ಖಾನೆ ಶುರುಮಾಡಿದ ಜಾರ್ಜ್ ಪ್ಲೆಬ್‌ಸ್ಟ್ ಕೂಡ ಆ ಅಚ್ಚುಕೂಟದ ಕೆಲಸಗಾರನೇ. ಮತಾಂತರಗೊಂಡವರು ಜಾತಿಯ ಕಸುಬು, ಒಡೆಯರ ಗದ್ದೆ ಎರಡನ್ನೂ ಕಳೆದುಕೊಳ್ಳುತ್ತಿದ್ದರು. ಅವರ ಹೊಟ್ಟೆಪಾಡಿಗೆ ಏನಾದರೂ ಮಾಡಲೇಬೇಕಿತ್ತು. ನೇಯ್ಗೆ ಆಗಲೇ ಇತ್ತು. ಪ್ಲೆಬ್‌ಸ್ಟ್ ನೇತ್ರಾವತಿ ದಂಡೆಯ ಜೇಡಿಯನ್ನು ಪರೀಕ್ಷಿಸಿ 1865ರಲ್ಲಿ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದ. ಮೊದಮೊದಲು ಜೇಡಿ ತುಳಿಸಲು ಎತ್ತುಗಳು, ದಿನಕ್ಕೆ ಕೆಲವು ನೂರು ಹೆಂಚು. ಶತಮಾನ ಮುಗಿಯುವ ಹೊತ್ತಿಗೆ ಉಗಿಯಂತ್ರ, ಮಂಗಳೂರಿನಿಂದ ಮಲಬಾರಿನವರೆಗೆ ಹಲವು ಕಾರ್ಖಾನೆಗಳು. 1868ರಲ್ಲೇ ಅಲ್ಬುಕರ್ಕ್ ಮನೆತನ ತನ್ನದೇ ಕಾರ್ಖಾನೆ ಹಾಕಿತು, ಆಮೇಲೆ ನದಿಯುದ್ದಕ್ಕೂ ಚಿಮಣಿಗಳು ಎದ್ದವು. ಹೆಂಚು ಹಡಗೇರಿ ಮುಂಬಯಿಗೆ, ಪೂರ್ವ ಆಫ್ರಿಕಾಕ್ಕೆ ಹೋಯಿತು. ರೈಲು ಬಂದ ಮೇಲೆ ಒಳನಾಡಿಗೆ. ಸರ್ಕಾರದ ಲೋಕೋಪಯೋಗಿ ಇಲಾಖೆಗೆ ಅದು ಮೆಚ್ಚಿಗೆಯಾದದ್ದರಿಂದ ರೈಲು ನಿಲ್ದಾಣ, ಪೊಲೀಸು ಠಾಣೆ, ಪ್ರವಾಸಿ ಬಂಗಲೆ, ಕಚೇರಿ ಎಲ್ಲದರ ಮೇಲೂ ಕೂತಿತು. ಮೊದಲ ಮಹಾಯುದ್ಧದಲ್ಲಿ ಮಿಷನ್ನಿನ ಜರ್ಮನರನ್ನು ಶತ್ರುಗಳೆಂದು ಹೊರಹಾಕಿದ ಮೇಲೆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪನಿಯ ಪಾಲಾದವು. ಹೆಂಚು ಮಾತ್ರ ಹಾಗೇ ನಡೆಯಿತು.

ಇದನ್ನು ನಾವು ಈಗ 'ನಮ್ಮ ಹಳೆಯ ಹೆಂಚಿನ ಮನೆ' ಎಂದು ಹಂಬಲಿಸುತ್ತೇವೆ. ಆದರೆ ಇದರ ಮೂಲ ನಮೂನೆ ಫ್ರಾನ್ಸಿನ ಅಲ್ಸಾಸ್ ಪ್ರಾಂತ್ಯದ್ದು, ಗಿಲಾರ್ಡೋನಿ ಸೋದರರು 1841ರಲ್ಲಿ ಪೇಟೆಂಟ್ ಪಡೆದ ಒಂದಕ್ಕೊಂದು ಕೊಂಡಿಯಾಗುವ ಹೆಂಚು. ಕರಾವಳಿಯ ಬಡವರ ಮನೆಗಳ ಮೇಲೆ ಅದಕ್ಕೆ ಮೊದಲು ಇದ್ದದ್ದು ಮುಳಿಹುಲ್ಲು, ತೆಂಗಿನ ಮಡಲು. ತೆಲಂಗಾಣದ ಗೂನ ಪೆಂಕನ್ನು ಮೂಲೆಗೆ ತಳ್ಳಿದ್ದೂ ಈ ಕಾರ್ಖಾನೆಯ ಸರಕೇ. ಅದರ ಜೊತೆಗೆ ಎಷ್ಟು ಕುಂಬಾರರ ಆವಿಗೆ ಆರಿತು ಎಂದು ಯಾರೂ ಲೆಕ್ಕವಿಟ್ಟಿಲ್ಲ. 'ಸ್ಥಳೀಯ ಕೆಂಪು' ಎಂದು ವಾಸ್ತುಶಿಲ್ಪಿಗಳು ಕೊಂಡಾಡುವ ಬಣ್ಣಕ್ಕೆ ಕರಾವಳಿಯಲ್ಲಿ ನೂರಾ ಅರವತ್ತು ವರ್ಷ, ಒಳನಾಡಿನಲ್ಲಿ ಅದಕ್ಕಿಂತ ಕಡಿಮೆ ವಯಸ್ಸು.

ಇದೇ ಮಿಷನ್ನಿನ ನೇಯ್ಗೆ ಕಾರ್ಖಾನೆಯಲ್ಲಿ ಹ್ಯಾಲರ್ ಎಂಬಾತ 1850ರ ದಶಕದ ಆರಂಭದಲ್ಲಿ ಖಾಕಿ ಬಣ್ಣ ತಯಾರಿಸಿದ ಎಂಬುದು ಮಂಗಳೂರಿಗರ ಹೆಮ್ಮೆ. ಪಂಜಾಬಿನ ಗಡಿಯ ಪಡೆ ಅದಕ್ಕೆ ಕೆಲವು ವರ್ಷ ಮೊದಲೇ ಖಾಕಿ ತೊಟ್ಟಿತ್ತು ಎಂದು ವಾದಿಸುವವರಿದ್ದಾರೆ, ಆ ಜಗಳ ಇಲ್ಲಿ ಬೇಡ. ಸುತ್ತಲಿನ ದೂಳಿನಲ್ಲಿ ಕಾಣದಂತೆ ಇರಲೆಂದು ಆರಿಸಿದ ಬಣ್ಣ ಅದು. ಪೊಲೀಸರು ಅದನ್ನು ತೊಟ್ಟು ನೂರು ವರ್ಷ ಕಳೆದ ಮೇಲೆ ಊರಿನಲ್ಲಿ ಎಲ್ಲರಿಗಿಂತ ಮೊದಲು ಕಣ್ಣಿಗೆ ಬೀಳುವ ಬಣ್ಣ ಅದೇ ಆಯಿತು. ಹೊಂದಿಕೆ ಎಂಬುದು ಬಣ್ಣದಲ್ಲಿಲ್ಲ, ನೋಡುವವರ ನೆನಪಿನಲ್ಲಿದೆ ಎಂದು ನನಗೆ ಅನಿಸುವುದು ಇಂಥದ್ದನ್ನು ಕಂಡಾಗ.

ಮಂಗಳೂರು ಹೆಂಚಿನ ನಿಜವಾದ ಜಾಣತನ ಬೆನ್ನಿನಲ್ಲಿದೆ. ಒಂದನ್ನು ಮಗುಚಿ ನೋಡಿ. ಮೇಲಂಚಿನ ಹತ್ತಿರ ಸಣ್ಣ ಉಬ್ಬುಗಳಿವೆ. ಅವು ರೀಪಿಗೆ ಸಿಕ್ಕಿಕೊಂಡು ಹೆಂಚು ತೂಗುತ್ತದೆ. ಗಾರೆಯಿಲ್ಲ, ಸಾಮಾನ್ಯವಾಗಿ ಮೊಳೆಯೂ ಇಲ್ಲ. ಅಕ್ಕಪಕ್ಕದ ಅಂಚುಗಳು ಒಂದರ ಕಾಲುವೆಯಲ್ಲಿ ಇನ್ನೊಂದು ಕೂತು ನೀರನ್ನು ಕೆಳಗಿನ ಹೆಂಚಿಗೆ ದಾಟಿಸುತ್ತವೆ. ಚದರ ಮೀಟರಿಗೆ ಸುಮಾರು 15 ಹೆಂಚು, ಒಂದರ ತೂಕ ಎರಡರಿಂದ ಮೂರು ಕಿಲೋ. ಒಡೆದದ್ದನ್ನು ಜಾರಿಸಿ ತೆಗೆದು ಬೇರೆಯದನ್ನು ಸಿಕ್ಕಿಸಲು ಐದು ನಿಮಿಷ ಸಾಕು. ಹಿಂದೆ ಗಾಳಿಯಾಡುವುದರಿಂದ ನೆನೆದ ಹೆಂಚು ಎರಡೂ ಕಡೆಯಿಂದ ಒಣಗುತ್ತದೆ. ವರ್ಷಕ್ಕೆ ಮೂರು ಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿನಲ್ಲಿ ಇದು ಸಣ್ಣ ಸಂಗತಿಯಲ್ಲ.

ಗೋಡೆಗೆ ಮಣ್ಣು ತೊಡಿಸುವವರು ಈ ಪಾಠ ಕಲಿಯಲು ಇನ್ನೂ ನೂರು ವರ್ಷಕ್ಕೂ ಹೆಚ್ಚು ಕಾಲ ತೆಗೆದುಕೊಂಡರು. 1871ರಲ್ಲಿ ಚಿಕಾಗೊ ಸುಟ್ಟುಹೋದಾಗ ಕಬ್ಬಿಣದ ಕಂಬಗಳು ಬೆಂಕಿಯಲ್ಲಿ ಬಾಗುತ್ತವೆ ಎಂಬುದು ಅಲ್ಲಿಯವರ ಅನುಭವಕ್ಕೆ ಬಂತು. ಉಕ್ಕಿಗೆ ಟೊಳ್ಳು ಟೆರಾಕೋಟಾದ ಕವಚ ತೊಡಿಸಲಾರಂಭಿಸಿದರು. ಮಣ್ಣು ಆಗಲೇ ಒಮ್ಮೆ ಬೆಂಕಿಯಲ್ಲಿ ಬೆಂದು ಬಂದದ್ದು, ಇನ್ನೊಮ್ಮೆ ಹೆದರುವುದಿಲ್ಲ. ಅಲ್ಲಿಂದ ಅದು ಕಟ್ಟಡದ ಮುಖಕ್ಕೆ ಬಂತು: 1895ರಲ್ಲಿ ಮುಗಿದ ಚಿಕಾಗೊದ ರಿಲಯನ್ಸ್ ಕಟ್ಟಡದ ಬಿಳಿ ಮೆರುಗು, 1913ರ ನ್ಯೂಯಾರ್ಕಿನ ವುಲ್‌ವರ್ತ್ ಕಟ್ಟಡ. ಆದರೆ ತುಂಡುಗಳನ್ನು ಹಿಡಿದದ್ದು ಗಾರೆ ಮತ್ತು ಕಬ್ಬಿಣದ ಕೊಂಡಿ. ಸಂದಿಯಿಂದ ಇಳಿದ ನೀರು ಹೊರಗೆ ಹೋಗಲು ದಾರಿಯಿಲ್ಲದೆ ಒಳಗೇ ನಿಂತಿತು. ಕೊಂಡಿ ತುಕ್ಕು ಹಿಡಿದು ಉಬ್ಬಿ, ಮಣ್ಣನ್ನು ಒಳಗಿನಿಂದ ಸೀಳಿತು. ವುಲ್‌ವರ್ತ್ ಕಟ್ಟಡದ ದುರಸ್ತಿಯಲ್ಲಿ ಸಾವಿರಾರು ತುಂಡುಗಳನ್ನು ತೆಗೆದು ಕಾಂಕ್ರೀಟಿನವನ್ನು ಕೂರಿಸಬೇಕಾಯಿತು. 1979ರಲ್ಲಿ ನ್ಯೂಯಾರ್ಕಿನಲ್ಲಿ ಹಳೆಯ ಕಟ್ಟಡವೊಂದರ ಮುಖದಿಂದ ಕಳಚಿದ ತುಂಡು ಬಿದ್ದು ಕೆಳಗೆ ನಡೆದುಹೋಗುತ್ತಿದ್ದ ಕಾಲೇಜು ವಿದ್ಯಾರ್ಥಿನಿಯೊಬ್ಬಳು ಸತ್ತಳು. ಮರುವರ್ಷವೇ ಕಾನೂನು ಬಂತು: ಆರು ಮಹಡಿಗಿಂತ ಎತ್ತರದ ಕಟ್ಟಡಗಳ ಮುಖವನ್ನು ಐದು ವರ್ಷಕ್ಕೊಮ್ಮೆ ಪರೀಕ್ಷಿಸಬೇಕು.

1980ರ ದಶಕದಲ್ಲಿ ಮ್ಯೂನಿಕ್‌ನ ವಾಸ್ತುಶಿಲ್ಪಿ ಥಾಮಸ್ ಹೆರ್ತ್ಸೋಗ್ ಮತ್ತು ಅಲ್ಲಿಯ ಹೆಂಚು ತಯಾರಕರು ಸೇರಿ ಅಭಿವೃದ್ಧಿಪಡಿಸಿದ್ದು ಬೇರೆ ಬಗೆಯದು. ಗೋಡೆಯಿಂದ ಸ್ವಲ್ಪ ಅಂತರದಲ್ಲಿ ಅಲ್ಯುಮಿನಿಯಂ ಕಂಬಿಗಳು, ಅವಕ್ಕೆ ಬೆನ್ನಿನ ಕೊಕ್ಕೆಯಿಂದ ತೂಗುವ ಟೊಳ್ಳು ಮಣ್ಣಿನ ಫಲಕಗಳು. ಸಂದಿಗೆ ಗಾರೆಯಿಲ್ಲ. ಮಳೆ ಒಳಬಂದರೆ ಬರಲಿ, ಹಿಂದಿನ ಸಂದಿನಲ್ಲಿ ಇಳಿದು ಕೆಳಗೆ ಹೋಗುತ್ತದೆ, ಬಿಸಿಗಾಳಿ ಅದೇ ಸಂದಿನಲ್ಲಿ ಮೇಲೇರಿ ಹೊರಬೀಳುತ್ತದೆ. ಜೆಪ್ಪುವಿನ ಹೆಂಚನ್ನು ಬಲ್ಲವರಿಗೆ ಇದರಲ್ಲಿ ಹೊಸದೇನೂ ಕಾಣುವುದಿಲ್ಲ, ಮಾಡನ್ನು ಎತ್ತಿ ನೆಟ್ಟಗೆ ನಿಲ್ಲಿಸಿದ ಹಾಗಿದೆ. ಚದರ ಮೀಟರಿನ ತೂಕವೂ ಹೆಚ್ಚುಕಡಿಮೆ ಅಷ್ಟೇ, 40 ಕಿಲೋದ ಆಸುಪಾಸು ಅಥವಾ ತುಸು ಮೇಲೆ.

ಸುತ್ತಮುತ್ತಲಿನೊಂದಿಗೆ ಹೊಂದಿಸಲು ಇದನ್ನು ಬಳಸಿದ ಮೊದಮೊದಲ ಉದಾಹರಣೆಗಳಲ್ಲಿ ಒಂದು ಪ್ಯಾರಿಸಿನಲ್ಲಿದೆ. ಪಾಂಪಿದು ಕೇಂದ್ರದ ಪಕ್ಕದಲ್ಲಿ, ಸಂಗೀತ ಸಂಶೋಧನೆಯ ಇರ್ಕಾಮ್ ಸಂಸ್ಥೆಗೆ ರೆಂಜೊ ಪಿಯಾನೊ 1990ರಲ್ಲಿ ಮುಗಿಸಿದ ಗೋಪುರ. ನೆರೆಯಲ್ಲಿದ್ದದ್ದು ಹಳೆಯ ಇಟ್ಟಿಗೆ ಕಟ್ಟಡಗಳು. ಪಿಯಾನೊ ಅದೇ ಕೆಂಪನ್ನು ತೆಗೆದುಕೊಂಡ, ಆದರೆ ಇಟ್ಟಿಗೆಯ ಗೋಡೆ ಎಂದು ನಟಿಸಲಿಲ್ಲ. ಮಣ್ಣಿನ ತುಂಡುಗಳನ್ನು ಲೋಹದ ಚೌಕಟ್ಟಿನಲ್ಲಿ ಕೂರಿಸಿದ್ದು ಬೀದಿಯಲ್ಲಿ ನಿಂತವರಿಗೆ ಕಾಣುತ್ತದೆ. ಎರಡು ಹೆಜ್ಜೆ ದೂರದಿಂದ ನೆರೆಯವನಂತೆ, ಹತ್ತಿರದಿಂದ ತನ್ನಂತೆ. ಈ ಬಗೆಯ ಹೊಂದಿಕೆ ನನಗೆ ಒಪ್ಪಿಗೆ.

ನಮ್ಮ ಬೆಂಗಳೂರಿನ ಕೆಂಪಿನ ಕಥೆ ಇದಕ್ಕೆ ತದ್ವಿರುದ್ಧ. 1868ರ ಅಠಾರಾ ಕಚೇರಿ ಟೆರಾಕೋಟಾದ್ದೆಂದು ನಂಬಿದವರು ಬಹಳ. ಅದು ಕಲ್ಲು ಇಟ್ಟಿಗೆಯ ಕಟ್ಟಡ, ಕೆಂಪು ಎಂದರೆ ಬಳಿದ ಬಣ್ಣ. ಕಬ್ಬನ್ ಪಾರ್ಕಿನ ಮ್ಯೂಸಿಯಮ್ಮು, ಶೇಷಾದ್ರಿ ಅಯ್ಯರ್ ಸ್ಮಾರಕ ಗ್ರಂಥಾಲಯ ಎಲ್ಲ ಅದೇ ಬಣ್ಣದ ಬಳಗ. 1950ರ ದಶಕದಲ್ಲಿ ಅದರ ಎದುರಿಗೆ ಕಚೇರಿ ಕಟ್ಟುವ ಸರದಿ ಬಂದಾಗ ಕೆಂಗಲ್ ಹನುಮಂತಯ್ಯ ಕೆಂಪನ್ನು ಬೇಕೆಂದೇ ಬಿಟ್ಟು ಬೂದು ಗ್ರಾನೈಟಿನಲ್ಲಿ ವಿಧಾನಸೌಧ ಎಬ್ಬಿಸಿದರು. ಸುತ್ತಮುತ್ತಲಿಗೆ ಹೊಂದದೇ ಇರುವುದೂ ಒಂದು ನಿರ್ಧಾರ. ಮುಂದೆ 1980ರ ದಶಕದಲ್ಲಿ ಅಠಾರಾ ಕಚೇರಿಯನ್ನೇ ಕೆಡವುವ ಯೋಚನೆ ಬಂದು, ನಾಗರಿಕರು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಹತ್ತಿದ ಮೆಟ್ಟಿಲು ಅದೇ ಕಟ್ಟಡದ್ದು, ಏಕೆಂದರೆ ಹೈಕೋರ್ಟು ಇದ್ದದ್ದು ಅಲ್ಲೇ. ಕಟ್ಟಡ ಉಳಿಯಿತು. ಆಗ ಜನ ಕಾಪಾಡಿದ್ದು ಒಂದು ಬಣ್ಣದ ಡಬ್ಬಿಯನ್ನಲ್ಲ, ನಿಜ. ಆದರೂ ಆ ಕೆಂಪಿಲ್ಲದೆ ಅಷ್ಟು ಜನ ಅದನ್ನು ಗುರುತು ಹಿಡಿಯುತ್ತಿದ್ದರೇ ಎಂಬ ಅನುಮಾನ ನನಗಿದೆ.

ಕುಷಾಯಿಗೂಡದ ಕಚೇರಿಗೆ ಮರಳಿದರೆ, ಅದರ ಮಾಲೀಕರ ಮುಂದಿರುವ ಆಯ್ಕೆ ಟೆರಾಕೋಟಾ ಬೇಕೋ ಬೇಡವೋ ಎಂಬುದಲ್ಲ. ಟೆರಾಕೋಟಾ ಇಲ್ಲದಿದ್ದರೆ ಎಸಿಪಿ ಶೀಟು. ಎರಡು ತೆಳು ಅಲ್ಯುಮಿನಿಯಂ ಹಾಳೆಯ ನಡುವೆ ಪ್ಲಾಸ್ಟಿಕ್ಕು ತುಂಬಿದ ಆ ಫಲಕ ಅಗ್ಗ, ಹಗುರ, ವಾರದಲ್ಲಿ ಕೆಲಸ ಮುಗಿಯುತ್ತದೆ. ಬೇಕೆಂದರೆ ಟೆರಾಕೋಟಾದ ಬಣ್ಣದಲ್ಲೂ ಸಿಗುತ್ತದೆ. ಲಂಡನ್ನಿನ ಗ್ರೆನ್‌ಫೆಲ್ ಟವರ್ 1970ರ ದಶಕದ ಕಾಂಕ್ರೀಟು ವಸತಿ ಕಟ್ಟಡ. 2016ರಲ್ಲಿ ಮುಗಿದ ಅದರ ನವೀಕರಣದಲ್ಲಿ ಇಂಥದೇ ಹೊದಿಕೆ ಹಾಕಿದರು. ಶಾಖ ಕಾಯುವುದರ ಜೊತೆಗೆ, ಸುತ್ತಲಿನಿಂದ ನೋಡಿದರೆ ಕಟ್ಟಡ ಚೆನ್ನಾಗಿ ಕಾಣಬೇಕು ಎಂಬುದೂ ಯೋಜನೆಯ ಕಾಗದಗಳಲ್ಲಿ ಬರೆದಿತ್ತು. 2017ರ ಜೂನ್ 14ರ ರಾತ್ರಿ ಒಂದು ಅಡುಗೆಮನೆಯ ಬೆಂಕಿ ಹೊದಿಕೆಗೆ ಹತ್ತಿ ಕಟ್ಟಡ ಪೂರ್ತಿ ಉರಿಯಿತು. 72 ಜನ ಸತ್ತರು.

ಸುಟ್ಟ ಮಣ್ಣು ಹಾಗೆ ಉರಿಯುವುದಿಲ್ಲ. ಆದರೆ ಅದರ ಹಿಂದಿನ ಸಂದು ಒಂದು ಚಿಮಣಿಯೇ. ಸಂದಿನಲ್ಲಿ ಶಾಖ ತಡೆಯಲೆಂದು ಥರ್ಮೋಕೋಲ್ ಜಾತಿಯದ್ದನ್ನು ತುಂಬಿದರೆ, ಮಹಡಿ ಮಹಡಿಗೆ ಬೆಂಕಿ ತಡೆಯುವ ಪಟ್ಟಿ ಹಾಕದಿದ್ದರೆ, ಹೊರಗಿನ ಮಣ್ಣು ಯಾರನ್ನೂ ಕಾಪಾಡುವುದಿಲ್ಲ. ಹಳೆಯ ಗೋಡೆ ಕಂಬಿಯ ತೂಕ ಹೊರುತ್ತದೆಯೇ ಎಂದು ನೋಡಬೇಕು. ಆ ಕಾಲದ ಕಟ್ಟಡಗಳಲ್ಲಿ ಕಂಬಗಳ ನಡುವಿನ ಗೋಡೆ ಬರಿಯ ಇಟ್ಟಿಗೆಯ ಭರ್ತಿ, ಬೋಲ್ಟು ಕಾಂಕ್ರೀಟಿಗೇ ಹೋಗಬೇಕು. ತಪ್ಪಿಯೂ ಫಲಕಗಳನ್ನು ಅಂಟಿನಿಂದ ಗೋಡೆಗೆ ಹಚ್ಚಬಾರದು. ಖರ್ಚು ಉಳಿಸಲು ಹಾಗೆ ಮಾಡುವುದುಂಟು. ಅದು ಬೀದರಿಗೆ ಹಿಂತಿರುಗಿದಂತೆ, ಗವಾನನ ಕುಶಲಿಗಳಿಲ್ಲದೆ. ಹೈದರಾಬಾದಿನ ಏಪ್ರಿಲ್ ಮೇ ಬಿಸಿಲಿನಲ್ಲಿ ಪಡುವಣ ಗೋಡೆಗೆ ನೆರಳು ಕೊಡುವ ಹೊದಿಕೆಯಿಂದ ಒಳಗೆ ಕೂತವರಿಗೆ ಉಪಯೋಗವಿದೆ. ಹಾಗಾಗಿ ಹಣ ಕಡಿಮೆಯಿದ್ದರೆ ರಸ್ತೆಗೆ ಕಾಣುವ ಮುಖಕ್ಕಿಂತ ಮೊದಲು ಪಡುವಣ ಮುಖಕ್ಕೆ ಹಾಕುವುದು ಲೇಸು ಎಂದು ನನ್ನ ಅಭಿಪ್ರಾಯ, ವಾಸ್ತುಶಿಲ್ಪಿಗಳು ಒಪ್ಪಲಿಕ್ಕಿಲ್ಲ.

ಬಣ್ಣದ ಮಾತು ಕೊನೆಗೆ. ಕರಾವಳಿಯ ಹೆಂಚಿನ ಕೆಂಪು ಅಲ್ಲಿ ಪರಕೀಯ, ಹೈಕೋರ್ಟಿನ ಕಲ್ಲಿನ ಕೆಂಪೂ ಪರಕೀಯ. ಮಣ್ಣನ್ನು ಬೇರೆ ಬೇರೆ ಬೆರಕೆಯಲ್ಲಿ, ಬೇರೆ ಬೇರೆ ಕಾವಿನಲ್ಲಿ ಸುಟ್ಟರೆ ಮಾಸಲು ಗುಲಾಬಿ, ಬೂದು, ಕೆನೆ ಎಲ್ಲವೂ ಬರುತ್ತವೆ. ಮೌಲಾ ಅಲಿ ಬಂಡೆಯ ಬಣ್ಣ ಆ ಪಟ್ಟಿಯಲ್ಲಿ ಇದೆ. ಕಾಲೋನಿಯ ಗೋಡೆಗಳ ಬಣ್ಣವೂ ಇದೆ. ಆದರೆ ಟೆರಾಕೋಟಾ ಕೊಂಡು ಅದನ್ನು ಬೂದು ಬಣ್ಣದಲ್ಲಿ ಹಾಕಿಸಲು ಎಷ್ಟು ಮಾಲೀಕರು ಒಪ್ಪುತ್ತಾರೋ. ದುಡ್ಡು ಕೊಟ್ಟದ್ದು ಕೆಂಪಗೆ ಕಾಣಲಿ ಎಂದೇ ಅಲ್ಲವೇ.

ಇನ್ನೊಂದು ಸಣ್ಣ ವಿಷಯ, ಟೆಂಡರ್ ಕಾಗದದಲ್ಲಿ ಬಹಳ ಸಲ ಬಿಟ್ಟುಹೋಗುವಂಥದ್ದು. ಒಂದು ಸಲ ಸುಟ್ಟ ಬಣ್ಣ ಇನ್ನೊಂದು ಸಲ ಕರಾರುವಾಕ್ಕಾಗಿ ಬರುವುದಿಲ್ಲ. ಕರಾವಳಿಯ ಹೆಂಚಿನ ಮನೆಗಳ ಹಿತ್ತಿಲಲ್ಲಿ, ಬಾವಿಯ ಆಚೆ, ಗೋಡೆಗೆ ಒರಗಿಸಿದ ಐವತ್ತು ಅರವತ್ತು ಹೆಂಚು ಇರುತ್ತಿದ್ದವು. ಮನೆ ಕಟ್ಟಿದಾಗಲೇ ಹೆಚ್ಚಿಗೆ ತರಿಸಿಟ್ಟವು, ಪಾಚಿ ಬೆಳೆದು ಹಸುರಾದವು. ತೆಂಗಿನಕಾಯಿ ಬಿದ್ದಾಗ, ಕೋತಿ ಕುಣಿದಾಗ ಅಲ್ಲಿಂದ ಒಂದು ತೆಗೆದು ಹಾಕುತ್ತಿದ್ದರು. ಕುಷಾಯಿಗೂಡದ ಕಚೇರಿಯೂ ಅದೇ ಸುಡಿಗೆಯ ಫಲಕಗಳಲ್ಲಿ ನೂರಕ್ಕೆ ಮೂರೋ ನಾಲ್ಕೋ ಹೆಚ್ಚಿಗೆ ತರಿಸಿ ಇಟ್ಟುಕೊಳ್ಳಬೇಕು. ಜನರೇಟರ್ ಕೋಣೆಯ ಹಿಂದೆ ಸಾಮಾನ್ಯವಾಗಿ ಅಷ್ಟು ಜಾಗ ಇರುತ್ತದೆ.